ಬೆರಳು ತೆಗೆದ ಮೇಲೂ ನಿಲ್ಲದ ಸ್ವರ

ನನ್ನ ಗೆಳತಿಯ ಫ್ಯೂನರಲ್ ಮಾಸ್‌ನಲ್ಲಿ ಅವಳ ಇಷ್ಟದ ಗೀತೆಯನ್ನೇ ಹಾಳು ಮಾಡಿದರು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಮೂಡುಬಿದಿರೆಯ ನಮ್ಮ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಕಾಲಿನಿಂದ ತುಳಿಯುವ ಹಾರ್ಮೋನಿಯಂ ಇತ್ತು. ಮೊಣಕಾಲು ಕೈಕೊಡುವವರೆಗೂ ನಾನೇ ನುಡಿಸಿದೆ. ಅವಳು ನನ್ನ ಎಡಕ್ಕೆ ನಿಂತು ಆಲ್ಟೊ, ಅಂದರೆ ಹೆಂಗಸರ ಕೆಳದನಿ, ಹಾಡುತ್ತಿದ್ದಳು. ನಮ್ಮ ಕಾಯರ್‌ನಲ್ಲಿ ಹಾಡು ಶುರು ಮಾಡಲು ಕೈಸನ್ನೆಯ ಕ್ರಮವೇ ಇಲ್ಲ. ಮೊದಲ ಸಾಲು ನುಡಿಸಿ ನಾನು ಬೆರಳು ತೆಗೆದರೆ ಸ್ವರ ನಿಲ್ಲುತ್ತಿತ್ತು, ಆಗ ಎಲ್ಲರೂ ಉಸಿರೆಳೆದು ಶುರು ಮಾಡುತ್ತಿದ್ದರು. ಕಾನ್ವೆಂಟಿನಲ್ಲಿ ಸಿಸ್ಟರ್ ನಮಗಿಬ್ಬರಿಗೂ ಕಲಿಸಿದ್ದು ಹಾಗೆಯೇ: “ಲಿಸನ್ ಫಸ್ಟ್, ಗರ್ಲ್ಸ್.”

ಈಗ ಕೀಬೋರ್ಡ್ ಬಂದಿದೆ. ನುಡಿಸುವವನು ಬಂಟ್ವಾಳದ ಆರ್ಕೆಸ್ಟ್ರಾದವನು, ನನ್ನದೇ ಹಳೆಯ ಶಿಷ್ಯ. ಗೆಳತಿಯ ಫ್ಯೂನರಲ್ ದಿನ ಮೊದಲ ಸಾಲು ನುಡಿಸಿ ಅವನು ಕೈ ಎತ್ತಿದ. ಸ್ವರ ಮಾತ್ರ ನಿಲ್ಲಲಿಲ್ಲ, ಎಳೆಯುತ್ತಲೇ ಇತ್ತು. ಮುದುಕಿಯರಾದ ನಾವು ನಾಲ್ವರು ಸ್ವರ ನಿಲ್ಲಲೆಂದು ಕಾದೆವು. ಚಿಕ್ಕವರು ಅವನ ಕೈ ಎದ್ದದ್ದು ನೋಡಿ ಶುರು ಮಾಡಿಬಿಟ್ಟರು. ನಾವು ಬಾಯಿ ತೆರೆಯುವಾಗ ಅವರು ಅರ್ಧ ಸಾಲು ದಾಟಿದ್ದರು. ಅವಳ ಶವಪೆಟ್ಟಿಗೆಯ ಮುಂದೆ ಒಂದೇ ಗೀತೆ ಎರಡಾಗಿ ಡಿಕ್ಕಿ ಹೊಡೆಯಿತು. ಮುಂದಿನ ಬೆಂಚಿನಲ್ಲಿ ಯಾರೋ ನಕ್ಕರು.

ಅವಳು ಸತ್ತು ತಿಂಗಳಿಗೆ ನಡೆಯುವ ಪೂಜೆಯ ಮುನ್ನಾದಿನ ಪ್ರಾಕ್ಟೀಸಿಗೆ ಹೋಗಿ ಅವನ ಪಕ್ಕದಲ್ಲೇ ಕುಳಿತೆ.

“ಎಂತ ಮಾರಾಯ, ಬೆರಳು ತೆಗೆದ್ರೂ ಕೂಗ್ತಾ ಉಂಟಲ್ಲ ನಿನ್ನ ಮಿಷನ್?”

“ಅದು ರಿಲೀಸ್, ಟೀಚರ್. ಜಾಸ್ತಿ ಇದ್ರೆ ದೊಡ್ಡ ಚರ್ಚಿನ ಫೀಲ್ ಬರ್ತದೆ.”

“ಮತ್ತೆ ನಾವು ಕೂತದ್ದು ಎಲ್ಲಿ, ಬಸ್‌ಸ್ಟ್ಯಾಂಡಿನಲ್ಲಾ?”

ಅವನು ತಲೆ ತಗ್ಗಿಸಿ ಒಂದೊಂದಾಗಿ ತೋರಿಸಿದ. ಆಸಿಲೇಟರ್ ಬರೀ ಕಚ್ಚಾ ಸ್ವರವನ್ನು ಹುಟ್ಟಿಸುತ್ತದೆ. ಸೈನ್ ಅಲೆ ನುಣುಪು, ಗರಗಸದ ಹಲ್ಲಿನಂಥ ಅಲೆ ಒರಟು. ಆ ಒರಟನ್ನು ಫಿಲ್ಟರ್ ಸೋಸುತ್ತದೆ. ಸ್ವರ ಎಷ್ಟು ಬೇಗ ಏಳಬೇಕು ಎಂಬುದು ಅಟ್ಯಾಕ್. ಎದ್ದದ್ದು ಸ್ವಲ್ಪ ಇಳಿಯುವುದು ಡಿಕೇ, ಒತ್ತಿದಷ್ಟು ಹೊತ್ತು ಉಳಿಯುವ ಮಟ್ಟ ಸಸ್ಟೇನ್. ಬೆರಳು ತೆಗೆದ ಮೇಲೆ ಸಾಯಲು ಹಿಡಿಯುವ ಸಮಯವೇ ಈ ರಿಲೀಸ್. ಕೇಳುತ್ತಾ ನನ್ನ ಸಿಟ್ಟು ಇನ್ನೂ ಏರಿತು. ಇಷ್ಟೆಲ್ಲವನ್ನೂ ನನ್ನ ಎರಡು ಕಾಲು, ಹತ್ತು ಬೆರಳು ಹೆಸರಿಲ್ಲದೆ ಮಾಡುತ್ತಿದ್ದವು!

“ಇದನ್ನು ತಿರುಗಿಸ್ಲಿಕ್ಕೆ ಆಗ್ತದಾ?”

“ಆಗ್ತದೆ ಟೀಚರ್. ಇದು ಕಂಪನಿಯಿಂದ ಬಂದ ಸೆಟ್ಟಿಂಗ್, ನಾನು ಮುಟ್ಟಲೇ ಇಲ್ಲ.”

“ಮುಟ್ಟಲೇ ಇಲ್ಲ ಅಂತ ಹೆಮ್ಮೆಯಾ? ನಾವು ಹೇಗೆ ಶುರು ಮಾಡ್ತೇವೆ ಅಂತ ನಿನಗೆ ಗೊತ್ತಿಲ್ವಾ? ನನ್ನ ಕೈಕೆಳಗೆ ಕಲಿತವ ನೀನು!”

ಅವನು ಗುಂಡಿ ತಿರುಗಿಸಿದ. ನಾನೇ ಒತ್ತಿ, ಬೆರಳು ತೆಗೆದು ನೋಡಿದೆ. ಸ್ವರ ಥಟ್ಟನೆ ನಿಂತಿತು. ಅಷ್ಟೇ ಕೆಲಸ. ಒಂದು ಸೆಕೆಂಡಿನ ಕೆಲಸ.

ಮರುದಿನ ಸ್ವರ ನಿಂತಿತು, ಎಲ್ಲರೂ ಉಸಿರೆಳೆದರು, ಗೀತೆ ಒಂದಾಗಿಯೇ ಎದ್ದಿತು. ನನ್ನ ಎಡಕ್ಕೆ ಮಾತ್ರ ಆಲ್ಟೊ ಇರಲಿಲ್ಲ. ಪೂಜೆ ಮುಗಿದ ಮೇಲೆ ಅವನು ಬಂದು, “ಇವತ್ತು ಪರ್ಫೆಕ್ಟ್ ಆಯ್ತಲ್ಲ, ಟೀಚರ್?” ಎಂದ.

“ಆಯ್ತು,” ಎಂದೆ. “ಆದರೆ ಅವಳು ಇಲ್ಲಿ ಪೆಟ್ಟಿಗೆಯಲ್ಲಿ ಮಲಗಿದ್ದದ್ದು ಹೋದ ತಿಂಗಳು.”