ಒಸಡಿನ ಬಣ್ಣದ ಸಿಗಡಿ

ನಾನು ಹಲ್ಲು ಕಟ್ಟುವವನು. ಇಪ್ಪತ್ತೆರಡು ವರ್ಷಗಳಿಂದ ಒಂದೇ ಬೀದಿಯ ಒಂದೇ ಅಂಗಡಿಯಲ್ಲಿ ಊರಿನ ಹಿರಿಯರನ್ನೆಲ್ಲ ಕುರ್ಚಿಯಲ್ಲಿ ಕೂರಿಸಿ, ಬಾಯಿಯ ಅಚ್ಚು ತೆಗೆದು, ನಗು ಮಾಡಿ ಕಳಿಸಿದ್ದೇನೆ. ಬೀದಿಯಲ್ಲಿ ಯಾರಾದರೂ ಎದುರಾದರೆ ಮೊದಲು ಹಲ್ಲಿನ ಗುರುತು ಹಿಡಿಯುತ್ತೇನೆ, ಆಮೇಲೆ ಮುಖದ್ದು. ಇಂಥ ದೊಡ್ಡ ಮನುಷ್ಯನ ಸ್ವಂತ ಮಾವ, ಅಂದರೆ ಹೆಂಡತಿಯ ಅಪ್ಪ, ನನ್ನದೇ ಮನೆಯಲ್ಲಿ ಬೊಚ್ಚುಬಾಯಿಯಲ್ಲಿ ಓಡಾಡಿಕೊಂಡಿದ್ದರು.

ನಾನು ಕಟ್ಟಿಕೊಟ್ಟ ಹಲ್ಲಿನ ಸೆಟ್ಟು ಅವರ ಕೋಣೆಯ ಕಿಟಕಿಯಲ್ಲಿ, ನೀರು ತುಂಬಿದ ಗಾಜಿನ ಲೋಟದಲ್ಲಿ ಕೂತು, ಹೋಗಿ ಬರುವವರಿಗೆಲ್ಲ ಹಲ್ಲು ಕಿರಿಯುತ್ತಿತ್ತು. ಮಾವ ಊಟವನ್ನು ಕಿವುಚಿ ಕಿವುಚಿ ನುಂಗುತ್ತಿದ್ದರು. ನಾಲ್ಕೇ ತಿಂಗಳಿಗೆ ಅಂಗಿಯ ಕಾಲರಿನಲ್ಲಿ ಎರಡು ಕುತ್ತಿಗೆ ಹಿಡಿಸುವಷ್ಟು ಜಾಗವಾಯಿತು.

"ಅಪ್ಪ ಕಡ್ಡಿ ಆಗ್ತಿದ್ದಾರೆ ರೀ. ಊರಿಗೆಲ್ಲ ಹಲ್ಲು ಕಟ್ತೀರಿ, ಇವರೊಬ್ಬರಿಗೆ ಹಾಕ್ಕೊಳೋ ಹಾಗೆ ಮಾಡೋಕಾಗಲ್ವಾ?" ಎಂದು ಹೆಂಡತಿ ದಿನಕ್ಕೊಂದು ಸಲ ಕೇಳುತ್ತಿದ್ದಳು.

ಪಕ್ಕದ ಅಂಗಡಿಯ ಕ್ಷೌರಿಕನಂತೂ ಕಾದುಕೊಂಡೇ ಇರುತ್ತಿದ್ದ. "ಸ್ವಾಮಿ, ನಿಮ್ಮ ಮಾವನವರು ನಿನ್ನೆ ಬಂದಿದ್ರು. ಕೆನ್ನೆ ಒಳಗೆ ಹೋಗಿ ಕತ್ತಿ ಆಡ್ಲಿಲ್ಲ. ಬಾಯೊಳಗೆ ಬೆರಳು ಹಾಕಿ ಉಬ್ಬಿಸಿ ಕೆರೀಬೇಕಾಯ್ತು. ಗಿರಾಕಿಗಳೆಲ್ಲ ನೋಡ್ತಾ ಇದ್ರು. ಇವರ ಅಳಿಯ ಏನು ಕೆಲಸ ಮಾಡ್ತಾರೆ ಅಂತ ಒಬ್ಬರು ಕೇಳಿದ್ರು. ನಾನು ಹೇಳ್ಲಿಲ್ಲ ಬಿಡಿ."

ಬೇಡಿದೆ, ಗದರಿದೆ, ಮುನಿಸಿಕೊಂಡು ಕೂತೆ. ಮಾವ "ಆಗ್ಲಿ ಆಗ್ಲಿ" ಅನ್ನುವರು, ಲೋಟದ ನೀರು ಬದಲಾಯಿಸುವರು, ಅಷ್ಟೇ.

ಈ ನಡುವೆ ನನಗೆ ಮೀನು ಹಿಡಿಯುವ ಹುಚ್ಚು ಬೇರೆ. ಒಂದು ವರ್ಷದಿಂದ ಪ್ರತಿ ಭಾನುವಾರ ರೀಲಿನ ಗಾಳ ಹೊತ್ತು ಹೊಳೆಗೆ ಹೋಗಿ, ಹೋದಷ್ಟೇ ತೂಕದಲ್ಲಿ ವಾಪಸು ಬರುತ್ತಿದ್ದೆ. ಮಾವ ಮೂವತ್ತು ವರ್ಷ ಅದೇ ಹೊಳೆಯಿಂದ ಕಾಲುವೆಗೆ ನೀರು ಬಿಡುವ ಬಾಗಿಲು ಕಾಯ್ದವರು. ಒಂದು ಸಂಜೆ ನನ್ನ ಖಾಲಿ ಚೀಲ ನೋಡಿ ಅವರಿಗೆ ತಡೆಯಲಾಗಲಿಲ್ಲ.

"ಅಳಿಯಂದ್ರೇ, ಒಂದು ಮಾತು. ಸೇತುವೆ ಕಂಬದ ಬುಡದಲ್ಲಿ ಹಲ್ಲಿನ ಮೀನಿದೆಯಲ್ಲ, ಬೇರೆ ಮೀನು, ಸಿಗಡಿ ಎಲ್ಲ ತಿನ್ನೋ ಪುಂಡ. ಅದನ್ನ ನೀವೇ ಮಾಡಿದ ಎರೆ ಹಾಕಿ ಹಿಡೀರಿ. ಅವತ್ತೇ ನಾನು ಹಲ್ಲು ಹಾಕ್ಕೋತೀನಿ."

"ಮಾತು ತಪ್ಪಬಾರದು ಮಾವ."

"ನಾನ್ಯಾಕೆ ತಪ್ಪಲಿ? ನನಗೆ ನಿಮ್ಮ ಮೇಲೆ ಪೂರ್ತಿ ನಂಬಿಕೆ ಇದೆ" ಎಂದರು. ಎಂಥ ನಂಬಿಕೆ ಎನ್ನುವುದು ನನಗೆ ಆಗ ಹೊಳೆಯಲಿಲ್ಲ.

ಆ ಜಾತಿಯ ಮೀನಿಗೆ ಒಂದು ಬಗೆಯ ಹೊಳೆ ಸಿಗಡಿಯೆಂದರೆ ಪ್ರಾಣ. ಅದಕ್ಕೆ ಏಡಿಯ ಹಾಗೆ ಮುಂದೆ ಎರಡು ದಪ್ಪ ಇಕ್ಕಳದ ಕೈ. ಮೆತ್ತನೆ ಪ್ಲಾಸ್ಟಿಕ್ಕಿನಲ್ಲಿ ಅಂಥ ಸಿಗಡಿ ಮಾಡಿ ಗಾಳಕ್ಕೆ ಚುಚ್ಚುತ್ತಾರೆ. ಮೇಣ ಕೆತ್ತುವುದು, ಪ್ಲಾಸ್ಟರಿನ ಅಚ್ಚು ತೆಗೆಯುವುದು, ಕರಗಿಸಿ ಹುಯ್ಯುವುದು ನನ್ನ ಹೊಟ್ಟೆಪಾಡೇ ಅಲ್ಲವೇ? ವಾರವಿಡೀ ಕೂತು ಕೆತ್ತಿದೆ. ಮೀಸೆ ಬಲಕ್ಕೆಷ್ಟೋ ಎಡಕ್ಕೂ ಅಷ್ಟೇ. ಇಕ್ಕಳಗಳು ಒಂದಕ್ಕೊಂದು ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಿಲ್ಲ. ಬಾಳಿಕೆ ಬರಲಿ ಎಂದು ಕೈಗಳಿಗೆ ಗಟ್ಟಿ ಪ್ಲಾಸ್ಟಿಕ್ ಹಾಕಿದೆ. ಬಣ್ಣ ಕಲಸುವಾಗ ಕೈ ರೂಢಿಯ ಡಬ್ಬಿಗೇ ಹೋಯಿತು.

ಹೆಂಡತಿ ಅದನ್ನು ಬೆಳಕಿಗೆ ಹಿಡಿದು ನೋಡಿ, "ಚೆನ್ನಾಗಿದೆ. ಯಾರ ಒಸಡು ಇದು?" ಎಂದಳು. ತನ್ನ ಹಾಲಿನ ಪಾತ್ರೆಯಲ್ಲೇ ಅದನ್ನು ಕರಗಿಸಿದ್ದೆಂದು ತಿಳಿದ ಮೇಲೆ ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ.

ಮೂರು ಭಾನುವಾರ ಆ ಗುಲಾಬಿ ಸಿಗಡಿಯನ್ನು ಕಂಬದ ಬುಡಕ್ಕೆ ಎಸೆದೆ, ಎಳೆದೆ. ನೀರಿನಿಂದ ಹೊರಬಂದಾಗಲೆಲ್ಲ ಅದು ನನ್ನ ಕಡೆಗೆ ಮುಖ ಮಾಡಿ, ಕೈ ಚಾಚಿಕೊಂಡು, ನೆಂಟರ ಹಾಗೆ ನಡೆದು ಬರುತ್ತಿತ್ತು. ಎಷ್ಟು ಲಕ್ಷಣವಾಗಿದೆ ಎಂದು ನಾನೇ ಮೆಚ್ಚಿಕೊಳ್ಳುತ್ತಿದ್ದೆ. ಮೆಚ್ಚಿದವನು ಆ ಹೊಳೆಯಲ್ಲಿ ನಾನೊಬ್ಬನೇ.

ನಾಲ್ಕನೆಯ ಭಾನುವಾರ ಮಾವ ತಾವೂ ಬರುತ್ತೇನೆಂದರು. ದಡದ ಕಲ್ಲಿನ ಮೇಲೆ ಕೂತು ಒಂದು ಗಂಟೆ ನೋಡಿದರು. ನಾನು ಎಸೆಯುವೆ, ಅವರು ನಿಟ್ಟುಸಿರು ಬಿಡುವರು. ಕೊನೆಗೆ ಎದ್ದೇ ನಿಂತರು.

"ಅಯ್ಯೋ, ಆ ಮೂತಿಗೆ ಯಾಕೆ ದಾರ ಕಟ್ಟಿದ್ದೀರಿ?"

"ಮತ್ತೆಲ್ಲಿ ಕಟ್ಟೋದು ಮಾವ? ಮುಖ ಮುಂದಿರಬೇಕಲ್ವಾ?"

"ಅದೇನು ಫೋಟೋ ತೆಗೆಸ್ಕೊಳೋಕೆ ಬಂದಿದೆಯಾ? ಹೆದರಿದ ಸಿಗಡಿ ಬಾಲ ಬಡಿದು ಹಿಂದಕ್ಕೆ ಓಡುತ್ತೆ. ಹಿಂದಕ್ಕೆ! ಮೂವತ್ತು ವರ್ಷ ನೋಡಿದ್ದೀನಿ. ಬಾಲಕ್ಕೆ ಕಟ್ಟಿ. ಒಂದು ಮೊಳ ಎಳೀರಿ, ನಿಲ್ಲಿಸಿ. ನಿಂತಾಗ ಅದು ಹೊಡೀತೀನಿ ಬಾ ಅಂತ ಎರಡೂ ಕೈ ಎತ್ತುತ್ತೆ. ಆವಾಗ್ಲೇ ಮೀನು ನುಗ್ಗೋದು." ಆಮೇಲೆ ಸಿಗಡಿಯ ಕೈ ಹಿಸುಕಿ ನೋಡಿದರು. "ಏನ್ರೀ ಇದು, ಕಲ್ಲು! ಇದನ್ನ ಕಚ್ಚಿದರೆ ಆ ಮೀನಿಗೂ ನೀವೇ ಹಲ್ಲು ಕಟ್ಟಬೇಕಾಗುತ್ತೆ."

ಕಲಿಸಿದರೆ ಪಂತ ಸೋಲುವವರು ತಾವೇ ಎನ್ನುವುದನ್ನು ಮರೆತಿದ್ದರೋ, ನೋಡಲಾರದೆ ಹೇಳಿದರೋ, ಗೊತ್ತಿಲ್ಲ. ನಾನಂತೂ ನೆನಪಿಸುವ ಗೋಜಿಗೆ ಹೋಗಲಿಲ್ಲ.

ಆ ವಾರ ಮಣ್ಣಿನ ಬಣ್ಣದಲ್ಲಿ, ಕೈಗಳನ್ನೂ ಮೆತ್ತಗೆ ಮಾಡಿ, ಬೇರೆ ಸಿಗಡಿ ಹುಯ್ದೆ. ಅವಸರಕ್ಕೆ ಒಂದು ಇಕ್ಕಳ ಸೊಟ್ಟಗೆ ಬಂತು. ಭಾನುವಾರ ಬಾಲಕ್ಕೆ ದಾರ ಕಟ್ಟಿ ಎಸೆದು, ಎಳೆದು, ನಿಲ್ಲಿಸಿದೆ. ಎರಡನೆಯ ಸಲ ನಿಲ್ಲಿಸಿದಾಗ ದಾರವನ್ನು ಯಾರೋ ಕೆಳಗಿನಿಂದ ಕಿತ್ತುಕೊಂಡ ಹಾಗಾಯಿತು. ನಾನು ಮೊಣಕಾಲವರೆಗೆ ಹೊಳೆಗಿಳಿದೆ, ಚಪ್ಪಲಿ ಒಂದು ತೇಲಿಹೋಯಿತು, ಮಾವ ದಡದಿಂದ "ಬಿಡಿ, ಬಿಗೀರಿ, ಅಯ್ಯೋ ಬಿಡ್ರೀ!" ಎಂದು ಕೂಗುತ್ತಿದ್ದರು. ಅಂತೂ ಮೀನು ಮೇಲೆ ಬಂತು. ಬಾಯಿ ತೆರೆದು ನೋಡಿದೆ. ಅಷ್ಟು ಸಾಲಾದ ಹಲ್ಲು ನಾನು ಯಾರಿಗೂ ಕಟ್ಟಿಕೊಟ್ಟಿಲ್ಲ.

ಮಧ್ಯಾಹ್ನ ಹೆಂಡತಿ ಮೀನು ಹುರಿದಳು. ಮಾವ ಮಾತಿಗೆ ತಪ್ಪಲಿಲ್ಲ. ಲೋಟದಿಂದ ಸೆಟ್ಟು ತೆಗೆದು, ತೊಳೆದು, ಹಾಕಿಕೊಂಡು ಕೂತರು. ಕೆನ್ನೆ ತುಂಬಿ ಹತ್ತು ವರ್ಷ ಚಿಕ್ಕವರಾದರು. ನಾನು ಕ್ಷೌರಿಕನನ್ನು ಊಟಕ್ಕೆ ಕರೆಯಬೇಕಿತ್ತು ಎಂದುಕೊಂಡೆ.

ಮೊದಲ ತುಂಡು ಬಾಯಿಗಿಟ್ಟರು. ಬಲಗಡೆಯಲ್ಲೇ ಅಗಿದರು. ಒಮ್ಮೆ ತುಂಡು ಎಡಕ್ಕೆ ಜಾರಿತೋ ಏನೋ, ಕಣ್ಣಂಚಿನಲ್ಲಿ ನೀರು ಬಂತು. ಆ ಮುಖವನ್ನು ನಾನು ದಿನಾ ಅಂಗಡಿಯಲ್ಲಿ ನೋಡುತ್ತೇನೆ.

"ಮಾವ, ಎಡಗಡೆ ಚುಚ್ಚುತ್ತಾ?"

"ಇಲ್ಲಪ್ಪ. ಮೀನು ಚೆನ್ನಾಗಿದೆ."

"ಮಾವ."

ಅವರು ಮಗಳ ಕಡೆ ನೋಡಿ, ತಟ್ಟೆಯ ಕಡೆ ನೋಡಿದರು. "ಸ್ವಲ್ಪ. ಮೊದಲ ದಿನದಿಂದ."

"ಹೇಳಬಾರದಿತ್ತಾ ಅಪ್ಪಾ?" ಎಂದಳು ಹೆಂಡತಿ.

"ಹೇಗಮ್ಮ ಹೇಳೋದು? ಹಲ್ಲು ಕಟ್ಟೋ ಅಳಿಯನಿಗೆ ಹಲ್ಲು ಸರಿಯಿಲ್ಲ ಅಂತಲಾ? ಅವರ ಮನೇಲೇ ಇರೋನು ನಾನು. ನಾಲ್ಕು ಜನಕ್ಕೆ ಗೊತ್ತಾದ್ರೆ ಅವರ ಅಂಗಡಿ ಹೆಸರು ಏನಾಗಬೇಕು? ಮುದುಕ ಹಟ ಮಾಡ್ತಾನೆ ಅಂದ್ಕೊಂಡ್ರೆ ಯಾರಿಗೂ ನಷ್ಟ ಇಲ್ಲ."

ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ. ಇಷ್ಟು ತಿಂಗಳು ಹಟಮಾರಿ ಎಂದು ಬೈದಿದ್ದೆ. ಬೇರೆ ಯಾರೇ ಆಗಿದ್ದರೂ ಒಂದು ವಾರ ಬಿಟ್ಟು ಕರೆಸಿ, ಎಲ್ಲಿ ಒತ್ತುತ್ತೆ ಎಂದು ಬೆರಳಿಟ್ಟು ಕೇಳುತ್ತಿದ್ದೆ. ಮನೆಯವರೆಂದು ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಕೇಳಿದ್ದೆ.

ಕೈ ತೊಳೆದು, ಭಾನುವಾರವಾದರೂ ಅಂಗಡಿಯ ಬಾಗಿಲು ತೆಗೆದೆ. ಮಾವನನ್ನು ಕುರ್ಚಿಯಲ್ಲಿ ಕೂರಿಸಿ, ಒಸಡಿನ ಕೆಂಪು ಜಾಗ ಹುಡುಕಿ, ಸೆಟ್ಟಿನ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿ ಉಜ್ಜಿದೆ. "ಸಾಕು, ಪರವಾಗಿಲ್ಲ" ಎಂದರು. ನಂಬಲಿಲ್ಲ. ಮತ್ತೆ ಉಜ್ಜಿದೆ. "ಪರವಾಗಿಲ್ಲ ಬಿಡಿ" ಎಂದರು. ಮತ್ತೆ ಉಜ್ಜಿದೆ. ಐದನೆಯ ಸಲಕ್ಕೆ ಅವರಿಗೂ ರೇಗಿತು.

"ಅಲ್ಲಲ್ಲ ರೀ, ಇನ್ನೂ ಒಳಗೆ! ಕಣ್ಣು ಕಾಣಲ್ವಾ ನಿಮಗೆ? ಇಷ್ಟು ವರ್ಷ ಏನು ಕಲಿತ್ರಿ?"

ಅಂಗಡಿಯಲ್ಲಿ ನನ್ನನ್ನು ಅಷ್ಟು ಜೋರಾಗಿ ಯಾರೂ ಬೈದದ್ದಿಲ್ಲ. "ಇಲ್ಲೇನಾ ಮಾವ? ಇನ್ನೂ ಸ್ವಲ್ಪ ಹೇಳಿ" ಎಂದು ಬಗ್ಗಿ ಉಜ್ಜತೊಡಗಿದೆ. ಅಷ್ಟರಲ್ಲಿ ಹೆಂಡತಿ ಉಳಿದ ಮೀನನ್ನು ತಟ್ಟೆಯಲ್ಲಿ ಮುಚ್ಚಿಕೊಂಡು ಅಂಗಡಿಗೇ ತಂದಳು. ಮಾವ ಸೆಟ್ಟು ಹಾಕಿಕೊಂಡು, ಒಂದು ತುಂಡನ್ನು ಎಡಗಡೆಗೇ ಹಾಕಿ, ಸದ್ದು ಮಾಡಿ ಅಗಿದು, ನುಂಗಿದರು. ಸೆಟ್ಟು ತೆಗೆದು ನನ್ನ ಅಂಗೈಗೆ ಹಾಕಿ, "ಇನ್ನೊಂದೇ ಒಂದು ಚೂರು ಉಜ್ಜಿ" ಎಂದರು.