ಚಿತ್ರದ ಕೆಳಗಿನ ಹೆಸರು

ಸಾವಿತ್ರಿ ಟೀಚರ್ ಸೆಮಿನಾರಿಗೆ ಬಂದರೆ ಪರದೆಯ ಮೇಲಿನ ಚಿತ್ರವನ್ನು ಮೊದಲು ನೋಡುತ್ತಲೇ ಇರಲಿಲ್ಲ. ಚಿತ್ರದ ಕೆಳಗೆ ನೋಡುತ್ತಿದ್ದರು. ಅಲ್ಲಿ ಯಾರ ಹೆಸರೂ ಇಲ್ಲದಿದ್ದರೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಲು ಶುರುಮಾಡುವರು. ಅದರ ಅರ್ಥ ಇಡೀ ವಿಭಾಗಕ್ಕೆ ಗೊತ್ತಿತ್ತು. ಸ್ಲೈಡು ತೋರಿಸುತ್ತಿದ್ದವರು ಅಲ್ಲಿಗೇ ಮಾತು ನಿಲ್ಲಿಸಿ ಚಿತ್ರ ಯಾರದೆಂದು ತಡಕಾಡುತ್ತಿದ್ದರು.

ಕೊಚ್ಚಿಯ ಹಿನ್ನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ, ಅಂದರೆ ಮ್ಯಾಂಗ್ರೋವ್‌ಗಳ ಮೇಲೆ ನಾನು ಸಂಶೋಧನೆಗೆ ಸೇರಿದಾಗ ಅವರೇ ನನ್ನ ಗೈಡ್. ಇಬ್ಬರೂ ಕಾಸರಗೋಡು ಕಡೆಯವರು. ನಾಲ್ಕು ಜನರ ಮುಂದೆ ಮಲಯಾಳವೋ ಇಂಗ್ಲಿಷೋ ಆಡುತ್ತಿದ್ದ ಟೀಚರಿಗೆ ನನ್ನನ್ನು ಬೈಯಲು ಮಾತ್ರ ಕನ್ನಡವೇ ಬೇಕು. ಹಾಗಾಗಿ ಕೊಚ್ಚಿಯಲ್ಲಿದ್ದರೂ ನನಗೆ ಕನ್ನಡಕ್ಕೇನೂ ಬರ ಇರಲಿಲ್ಲ.

ಆಗ ನಾವೆಲ್ಲ ಫೋಟೋದ ಅಡಿಯಲ್ಲಿ ‘ಮೂಲ: ಗೂಗಲ್’ ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದ ಕಾಲ. ನನ್ನ ಮೊದಲ ಸ್ಲೈಡು ನೋಡಿದವರೇ ಟೀಚರ್ ಶುರುಮಾಡಿದರು.

“ಎಂತ ಮಾರಾಯ್ತಿ ಇದು? ಗೂಗಲ್ ಬಂದು ಕೆಸರಿಗೆ ಇಳಿದು ಫೋಟೋ ತೆಗೆದದ್ದಾ? ನೀನು ಕೊಚ್ಚಿಗೆ ರೈಲಲ್ಲಿ ಬಂದದ್ದು. ಊರು ಯಾವುದು ಕೇಳಿದ್ರೆ ರೈಲು ಅಂತ ಹೇಳ್ತೀಯಾ?”

ನನಗೆ ನಗು ತಡೆಯಲಾಗಲಿಲ್ಲ. “ಕೊನೆಗೆ ಒಂದು ಸ್ಲೈಡಲ್ಲಿ ಎಲ್ಲರ ಹೆಸರು ಹಾಕ್ತೇನೆ ಟೀಚರ್” ಎಂದೆ.

“ಅದು ಬರುವಾಗ ಎಲ್ಲರೂ ಚಾಯಕ್ಕೆ ಎದ್ದಿರ್ತಾರೆ. ಯಾರ ಕೆಲಸವೋ ಅವರ ಹೆಸರು ಅದರ ಕೆಳಗೇ ಬರ್ಬೇಕು. ಅದೇ ಸ್ಲೈಡಲ್ಲಿ.”

ಅವರ ಈ ಹಟದ ಹಿಂದೆ ಎಂಥ ಸಂಕಟವಿತ್ತೆಂದು ನನಗೆ ತಿಳಿದದ್ದು ತಿರುವನಂತಪುರದ ಒಂದು ಸಮ್ಮೇಳನದಲ್ಲಿ. ಯುವ ಉಪನ್ಯಾಸಕನೊಬ್ಬ ಕಾಂಡ್ಲಾ ಬೇರುಗಳ ಒಂದು ರೇಖಾಚಿತ್ರ ತೋರಿಸಿದ. ಅದು ಟೀಚರ್ ಪೆನ್ನಿನಲ್ಲಿ ಬಿಡಿಸಿ, ಹಿಂದೆಂದೋ ಒಂದು ಲೇಖನದ ಜೊತೆ ಅಚ್ಚು ಹಾಕಿಸಿದ್ದು. ಅವನು ಕೆಳಗೆ ಬರೆದದ್ದು ‘ಮೂಲ: ಇಂಟರ್ನೆಟ್’. ನನಗೆ ಮೈಯೆಲ್ಲ ಉರಿಯಿತು. ಟೀಚರ್ ಮಾತ್ರ ಕನ್ನಡಕ ತೆಗೆಯಲೂ ಇಲ್ಲ, ಪ್ರಶ್ನೆ ಕೇಳಲೂ ಇಲ್ಲ. ಚಹಾದ ಹೊತ್ತಿಗೆ ಅವನನ್ನು ಪಕ್ಕಕ್ಕೆ ಕರೆದು, ಮಗನಿಗೆ ಹೇಳುವಂತೆ “ಮೋನೇ, ಆ ಚಿತ್ರ ನನ್ನದು” ಎಂದು ಮಲಯಾಳದಲ್ಲಿ ಮೆಲ್ಲಗೆ ಹೇಳಿದರು. ಅವನ ಮುಖ ಬಿಳಿಚಿಹೋಯಿತು. ಗೊತ್ತಿರಲಿಲ್ಲ ಟೀಚರ್ ಎಂದು ತೊದಲಿದ. ಅವರು ಅವನ ಬೆನ್ನು ತಟ್ಟಿ ಬಂದರು.

ವಾಪಸು ಬರುವಾಗ ರೈಲಿನಲ್ಲಿ ಮಾತು ಹೊರಬಿತ್ತು.

“ಅವನ ಮೇಲೆ ಸಿಟ್ಟಿಲ್ಲ. ಆದ್ರೆ ಹೊಟ್ಟೆ ಉರೀತದೆ. ಅಮ್ಮ ಆಸ್ಪತ್ರೆಯಲ್ಲಿದ್ದಾಗ ಹಾಸಿಗೆ ಹತ್ತಿರ ಕೂತು ಬಿಡಿಸಿದ್ದು ಅದು. ಎಚ್ಚರ ಆದಾಗೆಲ್ಲ ಎಷ್ಟಾಯ್ತು ಮಗಳೇ ಅಂತ ಕೇಳ್ತಿದ್ರು. ಮುಗಿಯುವಾಗ ಅವರೇ ಇಲ್ಲ. ನನಗೆ ಮಕ್ಕಳುಮರಿ ಇಲ್ಲ. ಸಾವಿತ್ರಿ ಅಂತ ಒಬ್ಬಳಿದ್ದಳು ಅಂತ ಹೇಳ್ಲಿಕ್ಕೆ ಇರುದು ಆ ನಾಲ್ಕು ಗೆರೆ ಮಾತ್ರ. ಅದೂ ಯಾರದ್ದೋ ಆದ್ರೆ?”

ನಾನು ಅವರ ಕೈ ಹಿಡಿದುಕೊಂಡೆ. ಕೊಲ್ಲಂ ದಾಟುವವರೆಗೂ ಬಿಡಲಿಲ್ಲ.

ನಿವೃತ್ತಿಯ ನಂತರ ಮರೆವು ಶುರುವಾಯಿತು. ಮೊದಮೊದಲು ಬೀಗದ ಕೈ, ಒಲೆಯ ಮೇಲಿನ ಹಾಲು. ಆಮೇಲೆ ಗಿಡಗಳ ಹೆಸರು. ಆಮೇಲೆ ನಾನು. ಕೊಚ್ಚಿಯಲ್ಲೇ, ಕಾಕ್ಕನಾಡಿನ ಫ್ಲ್ಯಾಟಿನಲ್ಲಿ, ಟೀಚರ ತಂಗಿ ಅವರನ್ನು ಮಗುವಿನಂತೆ ನೋಡಿಕೊಂಡರು. ಅಯ್ಯೋ, ಎಂಥ ನೆನಪಿನ ಹೆಂಗಸು! ಆ ದೇವರಿಗೆ ಕಣ್ಣಿಲ್ಲವಾ ಎಂದು ನಾನು ಶಪಿಸಿದ್ದಕ್ಕೆ ಲೆಕ್ಕವಿಲ್ಲ.

ಅವರು ತೀರಿಕೊಳ್ಳುವ ಮುಂಚೆ ಕೊನೆಯ ಸಲ ಹೋದಾಗ ನನ್ನ ಲ್ಯಾಪ್‌ಟಾಪ್ ಜೊತೆಗಿತ್ತು. ಮರುದಿನ ತಿರುವನಂತಪುರದಲ್ಲಿ ನನ್ನ ಪ್ರಬಂಧದ ಮಂಡನೆ. ಆ ಬೇರುಗಳ ಚಿತ್ರವಿದ್ದ ಸ್ಲೈಡನ್ನು ತೆರೆದು ಅವರ ಮುಂದಿಟ್ಟೆ. ಟೀಚರ್ ಹತ್ತಿರ ಸರಿದು, ಒಂದೊಂದು ಗೆರೆಯ ಮೇಲೂ ಬೆರಳಾಡಿಸಿದರು.

“ಎಷ್ಟು ಚಂದ ಬಿಡಿಸಿದ್ದಾರೆ! ಯಾರು?”

ಕೆಳಗಿದ್ದ ಹೆಸರು ತೋರಿಸಿದೆ. ಅಕ್ಷರ ಕೂಡಿಸಿ ಓದಿದರು. “ಕೆ. ಸಾವಿತ್ರಿ. ನನಗೆ ಗೊತ್ತಿಲ್ಲ ಇವರನ್ನು.”

“ನೀವೇ ಟೀಚರ್.”

“ತಮಾಷೆ ಮಾಡ್ಬೇಡ. ನನಗೆಲ್ಲಿ ಬರ್ತದೆ ಇದೆಲ್ಲ?” ಸ್ವಲ್ಪ ಹೊತ್ತು ಚಿತ್ರವನ್ನೇ ನೋಡಿ ಕೇಳಿದರು: “ಹಾಕುವ ಮೊದಲು ಅವರನ್ನು ಕೇಳಿದ್ಯಾ?”

“ಕೇಳಿದೆ.”

“ಎಂತ ಹೇಳಿದ್ರು?”

“ಹೆಸರು ಬಿಡ್ಬೇಡ ಅಂದ್ರು.”

“ಮತ್ತೆ? ಪಾಪ, ಎಷ್ಟು ಕಷ್ಟಪಟ್ಟಿದ್ದಾರೋ. ಇಷ್ಟು ಸಣ್ಣಕ್ಕೆ ಬರೆದ್ರೆ ಯಾರಿಗೆ ಕಾಣ್ತದೆ? ದೊಡ್ಡದು ಮಾಡು.”

ಅವರ ಎದುರಿಗೇ ಮಾಡಿದೆ. ಕಣ್ಣು ತುಂಬಿ ನನಗೆ ಆ ಅಕ್ಷರಗಳು ಕಾಣುತ್ತಲೇ ಇರಲಿಲ್ಲ.

“ಇನ್ನೂ ಸ್ವಲ್ಪ” ಎಂದರು ಟೀಚರ್.