ದೆವ್ವದ ಶಾಲೆಯ ಸಾಬವ್ವ

ಬೆಳಗಿನ ಆರೂವರೆ. ಡೊಂಬಿವಲಿಯ ಎಂಐಡಿಸಿ ಕಾರ್ಖಾನೆ ವಲಯದ ಹಿಂಬದಿಯಲ್ಲಿ ಮುಚ್ಚಿಹೋದ ಹಳೆಯ ಮರಾಠಿ ಶಾಲೆಯೊಂದಿದೆ. ಅದರ ಒಳಗಿನಿಂದ ಹೆಂಗಸಿನ ದನಿಯೊಂದು ಹೆಸರು ಹಿಡಿದು ಕೂಗುತ್ತಿದೆ. "ಭಾಗ್ಯಾ... ಅಂಬಾದಾಸ... ಅಪ್ಪಿ..." ಮೊದಲ ಪಾಳಿಗೆ ಹೊರಟ ಇಬ್ಬರು ಕೆಲಸಗಾರರು ಶಾಲೆಯ ಗೋಡೆ ಬಂದದ್ದೇ ಮಾತು ನಿಲ್ಲಿಸಿ ಬಿರಬಿರನೆ ದಾಟಿಹೋಗುತ್ತಾರೆ.

ಅವರಿಗೆ ಗೊತ್ತಿರುವ ಕಥೆ ಇಷ್ಟು. ದೂರದಲ್ಲಿ ಹೊಸ ಕಟ್ಟಡ ಆದ ಮೇಲೆ ಮಕ್ಕಳೆಲ್ಲ ಅಲ್ಲಿಗೆ ಹೋದರು. ಇಲ್ಲಿನ ಟೀಚರು, ಮಕ್ಕಳೆಲ್ಲ 'ಬಾಯಿ' ಎನ್ನುತ್ತಿದ್ದವರು, ಅದೇ ವರ್ಷ ಕಾಯಿಲೆಯಿಂದ ತೀರಿಕೊಂಡರು. ಅಂದಿನಿಂದ ದಿನಾ ಬೆಳಿಗ್ಗೆ ಬಂದು ಹಾಜರಿ ಕರೆಯುತ್ತಾರಂತೆ. ಓಗೊಟ್ಟವನು ಮನೆ ಸೇರುವುದಿಲ್ಲವಂತೆ. ಒಬ್ಬರು ಬಿಳಿ ಸೀರೆ ಕಂಡಿದ್ದಾರೆ, ಇನ್ನೊಬ್ಬರು ಕೈಯಲ್ಲಿ ಬೆತ್ತ ಕಂಡಿದ್ದಾರೆ. ಈ ಊರಿಗೆ ಬಂದ ಹೊಸದರಲ್ಲಿ ನಾನೂ ಆ ದಾರಿ ಬಿಟ್ಟು ಸುತ್ತುಬಳಸಿ ಸ್ಟೇಷನ್ನಿಗೆ ನಡೆದವನೇ. ಸುಳ್ಳು ಯಾಕೆ ಹೇಳಲಿ?

ಒಳಗೆ ಬಂದು ನೋಡಿದರೆ ಹೆಸರು ಕೂಗುತ್ತಿರುವವರು ಬಿಜಾಪುರ ಕಡೆಯ ಸಾಬವ್ವ. ಐವತ್ತೈದರ ಆಸುಪಾಸಿನ ವಯಸ್ಸು. ಸೊಂಟದ ಮೇಲೊಂದು ಕೂಸು, ಸೆರಗು ಹಿಡಿದು ಇನ್ನೊಂದು, ಉಳಿದವು ಚಾಪೆಯ ಮೇಲೆ. ಒಟ್ಟು ಹತ್ತೊಂಬತ್ತು. ಗಾರೆ ಕೆಲಸದ ಹೆಂಗಸರು ಕಟ್ಟಡಕ್ಕೆ ಹೋಗುವ ಮುನ್ನ ಒಪ್ಪಿಸಿಹೋದ ಮಕ್ಕಳಿವು. ಓದು ಬರಹ ಬಾರದ ಸಾಬವ್ವ ದಿನಕ್ಕೆ ಮೂರು ಸಲ ಎಲ್ಲರ ಹೆಸರು ಕೂಗಿ, ಒಂದೊಂದೇ ಮುಖ ನೋಡುತ್ತಾರೆ.

"ಎಣಿಸಿದ್ರ ಒಂದ ತಲಿ ಕಡಿಮಿ ಐತಿ ಅಂತ ತಿಳೀತೈತಿ, ಯಾರದು ಅಂತ ತಿಳಿಯಂಗಿಲ್ಲ. ಹೆಸರ ಹಿಡದ ಕೂಗಬೇಕ್ರಿ," ಎನ್ನುತ್ತಾರೆ.

ಈ ಎಚ್ಚರದ ಹಿಂದೆ ಒಂದು ಸಾವಿದೆ. ಆರು ವರ್ಷದ ಹಿಂದೆ, 1990ರಲ್ಲಿ, ಸಾಬವ್ವನೂ ಇಟ್ಟಿಗೆ ಹೊರುತ್ತಿದ್ದರು. ಜೊತೆಯಲ್ಲಿ ದುಡಿಯುತ್ತಿದ್ದ ದಾನಮ್ಮನ ಎರಡು ವರ್ಷದ ಮಗ ಸುನಿಲ ಕಟ್ಟಡದ ನೀರಿನ ಹೊಂಡಕ್ಕೆ ಬಿದ್ದು ತೀರಿಹೋದ. ಸುತ್ತ ಇಪ್ಪತ್ತು ಜನರಿದ್ದರು, ಒಬ್ಬರೂ ನೋಡಲಿಲ್ಲ. ಮರುವಾರವೇ ಸಾಬವ್ವ ಬುಟ್ಟಿ ಕೆಳಗಿಟ್ಟು ಮಕ್ಕಳನ್ನು ಕಾಯಲು ಜಾಗ ಹುಡುಕಿದರು. ಡೊಂಬಿವಲಿಯಲ್ಲಿ ಬಾಡಿಗೆಯಿಲ್ಲದೆ ಕೋಣೆ ಸಿಗಬೇಕಾದರೆ ಅದರಲ್ಲಿ ದೆವ್ವವೇ ಇರಬೇಕು. ಸಿಕ್ಕಿತು.

"ಹೆದರಿಕೆ ಆಗಲಿಲ್ಲವೇ?" ಎಂದರೆ ನಗುತ್ತಾರೆ. "ಆತ್ರಿ, ಯಾಕ ಆಗಂಗಿಲ್ಲ? ಬಾಗಲದಾಗ ನಿಂತ ಕೈ ಮುಗದ್ನಿ. ಯವ್ವಾ, ನೀನೂ ಮಕ್ಕಳನ್ನ ಕಾದಾಕಿ, ನಾನೂ ಅದಕ್ಕ ಬಂದೀನಿ. ಹಗಲ ನನಗ ಕೊಡು, ರಾತ್ರಿ ನೀ ಇಟ್ಕೊ ಅಂದ್ನಿ. ಇವತ್ತಿಗೂ ಆಕಿ ಒಂದ ಮಾತ ಅಂದಿಲ್ಲ."

ಒಪ್ಪಂದ ಇಂದಿಗೂ ನಡೆದಿದೆ. ಬಾಯಿಯ ಹಳೆಯ ಕುರ್ಚಿಯ ಮೇಲೆ ಸಾಬವ್ವ ಕೂರುವುದಿಲ್ಲ, ಯಾರನ್ನೂ ಕೂರಲು ಬಿಡುವುದಿಲ್ಲ. ಪ್ರತಿ ತಾಯಿ ಹಿಡಿಹಿಡಿ ಜೋಳದ ಹಿಟ್ಟು ತಂದು ಸುರಿಯುತ್ತಾಳೆ. ಮೂರು ಕಲ್ಲಿನ ಒಲೆಯ ಮೇಲೆ ದಿನಕ್ಕೆ ಇಪ್ಪತ್ತೈದು ರೊಟ್ಟಿ ಏಳುತ್ತವೆ. ಮೊದಲನೆಯದರ ಒಂದು ಚೂರು ಕುರ್ಚಿಗೆ. ಅದನ್ನು ತಿನ್ನುವುದು ಅಳಿಲು ಎಂದು ಅವರಿಗೂ ಗೊತ್ತು.

ಹೋದ ವರ್ಷ ಎಲ್ಲವೂ ಕೈಬಿಟ್ಟು ಹೋಗುವುದರಲ್ಲಿತ್ತು. ಖಾಲಿ ಶಾಲೆಯನ್ನು ಗೋಡೌನ್ ಮಾಡಲು ಭಿವಂಡಿಯ ಬಟ್ಟೆ ವ್ಯಾಪಾರಿಯೊಬ್ಬ ಒಂದು ಮಧ್ಯಾಹ್ನ ಟೆಂಪೊ ತುಂಬ ಗಂಟು ಹೇರಿಕೊಂಡು ಬಂದ. ಮಕ್ಕಳು ಉಂಡು ಮಲಗಿದ್ದ ಹೊತ್ತು. ಜೊತೆಗೆ ಬಂದ ನಾಲ್ವರು ಹಮಾಲರೂ ನಮ್ಮ ಕಡೆಯವರೇ. ಅವರಲ್ಲಿ ಗುಲಬರ್ಗಾದ ಜಟ್ಟೆಪ್ಪನ ಮಗಳು ಭಾಗ್ಯಾ ಒಳಗೆ ಚಾಪೆಯ ಮೇಲಿದ್ದಳು. ಜಟ್ಟೆಪ್ಪ ಮೊದಲ ಗಂಟನ್ನು ಗೇಟಿನಲ್ಲೇ ಇಳಿಸಿ, ಬಾಯಿಯ ಕಥೆಯನ್ನು ತನಗೆ ಬಂದ ಹಿಂದಿಯಲ್ಲಿ ಸೇಟ್‌ಗೆ ಒಪ್ಪಿಸಿದ. ಗಲಾಟೆ ಕೇಳಿದ ಸಾಬವ್ವನಿಗೆ ವಿಷಯ ಹೊಳೆಯಿತು. ಕಿಟಕಿಯ ಮರೆಯಲ್ಲಿ ನಿಂತು ಹಾಜರಿ ಶುರು ಮಾಡಿದರು. ಹಮಾಲರು ಓಡಿ ಟೆಂಪೊ ಹತ್ತಿದರು. ಸೇಟ್ ಅವರಿಗಿಂತ ಮೊದಲೇ ಹತ್ತಿದ್ದ.

"ಅಂಥಾ ದೊಡ್ಡ ಸುಳ್ಳ ನಾ ಹಿಂದ ಹೇಳಿದ್ದಿಲ್ರಿ," ಎನ್ನುತ್ತಾನೆ ಜಟ್ಟೆಪ್ಪ. "ಸಾಬವ್ವತ್ತಿ ಇಲ್ಲಂದ್ರ ನನ್ನ ಹೇಣ್ತಿ ಮಗಳ ಕಾಲಿಗಿ ಹಗ್ಗ ಕಟ್ಟಿ ದುಡೀಬೇಕಾಗ್ತಿತ್ತು. ಆಕಿ ಸಲುವಾಗಿ ಇನ್ನಾ ಹತ್ತ ಸುಳ್ಳ ಹೇಳ್ತೀನಿ."

ಈ ಆರು ವರ್ಷದಲ್ಲಿ ಒಂದು ಮಗುವಿಗೂ ಏನೂ ಆಗಿಲ್ಲ. ಮಗ ಹೋದ ಮೇಲೆ ಹುಟ್ಟಿದ ಅಪ್ಪಿಯನ್ನು ದಾನಮ್ಮ ಇಲ್ಲಿಯೇ ಬಿಡುತ್ತಾರೆ. ಸಂಜೆ ಕರೆದೊಯ್ಯಲು ಬಂದಾಗ, ಸಾಬವ್ವ ಮಗಳ ಹೆಸರು ಕೂಗಿ ಮುಗಿಸುವ ತನಕ ಬಾಗಿಲಲ್ಲೇ ನಿಂತಿರುತ್ತಾರೆ. ಅವರ ಮುಖ ನೋಡಿದಾಗ ಸಾಬವ್ವನಿಗೂ, ಆ ಕಾಣದ ಬಾಯಿಗೂ ನಾನೂ ಋಣಿ ಅನಿಸುತ್ತದೆ.

ಆದರೆ ನನಗೊಂದು ಅಳುಕು. ಇದನ್ನು ಬರೆದರೆ ದೆವ್ವ ಇಲ್ಲವೆಂದು ಊರಿಗೆಲ್ಲ ತಿಳಿಯುತ್ತದೆ, ಸೇಟ್ ಬೀಗ ಹಿಡಿದು ಬರುತ್ತಾನೆ. ಅದನ್ನೇ ಹೇಳಿದೆ. ರೊಟ್ಟಿ ತಟ್ಟುತ್ತಿದ್ದ ಸಾಬವ್ವ ಕೈ ನಿಲ್ಲಿಸಿ ಕೇಳಿದರು. "ನಿಮ್ಮ ಪೇಪರ್ ಯಾವ ಮಾತಿನಾಗ ಬರ್ತೈತ್ರಿ?"

"ಕನ್ನಡದಲ್ಲಿ."

"ಸೇಟ್‌ಗ ಕನ್ನಡ ಬರಂಗಿಲ್ಲ. ಬರೀರಿ ಹಂಗಾರ," ಎಂದು ಮತ್ತೆ ತಟ್ಟತೊಡಗಿದರು. "ಓದಿದ ನಮ್ಮ ಮಂದಿಗಿ ಒಂದ ಮಾತ ಹೇಳ್ರಿ. ಮರಾಠಿಯೊಳಗ ಯಾರಾರ ಕೇಳಿದ್ರ ಬಾಯಿ ಅದಾಳ ಅನ್ರಿ. ನಾವೂ ಕಣ್ಣಾರೆ ಕಂಡೀವಿ ಅನ್ರಿ."